ಹೆಬ್ಬಲಸಿನ ಮರವೂ ಚಾವಡಿಯ ಮಾಡೂ: ಬ್ರಹ್ಮಾವರದ ಬಳಿಯ ಮನೆಯೊಂದರ ಪ್ರಕರಣ ಅಧ್ಯಯನ

ಬ್ರಹ್ಮಾವರದಿಂದ ಪೂರ್ವಕ್ಕೆ ಕೆಲವು ಮೈಲು ದೂರದಲ್ಲಿರುವ ನನ್ನ ಸೋದರಮಾವನ ಮನೆಗೆ ಸುಮಾರು ತೊಂಬತ್ತು ವರ್ಷವಾಗಿದೆ. 2018ರ ಮಳೆಗಾಲದಲ್ಲಿ ಆ ಮನೆಯ ಚಾವಡಿಯ ಪಡುವಣ ಮಾಡು (ಇಳಿಜಾರು ಛಾವಣಿ) ನಡುವಿನಲ್ಲಿ ಒಂದು ಗೇಣು ತಗ್ಗಿತು. ಹಂಚು ಸರಿಸಿ ನೋಡಿದಾಗ, ಗಾಳಿಮಳೆಗೆ ನೇರವಾಗಿ ಮೈಯೊಡ್ಡುವ ಸೂರಿನ ಬದಿಯಲ್ಲಿ ಎಂಟು ಪಕ್ಕಾಸುಗಳ (ಮಾಡಿನ ಇಳಿಜಾರಿನುದ್ದಕ್ಕೆ ಹಾಕುವ ಮರದ ಪಟ್ಟಿಗಳ) ತುದಿ ಕೊಳೆತಿತ್ತು, ಅವುಗಳನ್ನು ಹೊತ್ತ ತೊಲೆಯ ಒಂದು ತುದಿ ಗೋಡೆಯೊಳಗೇ ಪುಡಿಯಾಗಿತ್ತು, ಮುಂಬಾಗಿಲಿನ ದಾರಂದದ, ಅಂದರೆ ಚೌಕಟ್ಟಿನ, ಬುಡವನ್ನು ಗೆದ್ದಲು ತಿಂದಿತ್ತು. ಅದೇ ಸಮಯದಲ್ಲಿ ಮನೆಯ ಹಿಂದೆ ದನದ ಹಟ್ಟಿಯ ಕಡೆಗೆ ವಾಲಿ ನಿಂತಿದ್ದ ದೊಡ್ಡ ಹೆಬ್ಬಲಸಿನ ಮರವೊಂದು, ಬುಡದಲ್ಲಿ ಪೊಟರೆಬಿದ್ದು, ಪ್ರತಿ ಗಾಳಿಗೂ ಮನೆಯವರ ನಿದ್ದೆ ಕೆಡಿಸುತ್ತಿತ್ತು. ಮರ ಕಡಿಯುವುದು ಅನಿವಾರ್ಯವಾಗಿತ್ತು, ಮಾಡು ಕಟ್ಟುವುದೂ ಅನಿವಾರ್ಯವಾಗಿತ್ತು. ಈ ಎರಡು ಅನಿವಾರ್ಯಗಳನ್ನು ಒಂದಕ್ಕೊಂದು ಜೋಡಿಸಬಹುದೇ, ಅಥವಾ ಮರವನ್ನು ಮಾರಿ ಬಂದ ಹಣಕ್ಕೆ ಸಾಗುವಾನಿ ತರಬೇಕೇ ಎಂಬುದು ಮನೆಯವರ ಮುಂದಿದ್ದ ಪ್ರಶ್ನೆ. ಕಟ್ಟಡದ ಕೆಲಸದಲ್ಲಿ ದೀರ್ಘಕಾಲ ದುಡಿದವನೆಂಬ ಕಾರಣಕ್ಕೆ ಮಾವ ನನ್ನನ್ನು ಕರೆಸಿಕೊಂಡರು. ಮುಂದಿನ ಎರಡು ವರ್ಷಗಳಲ್ಲಿ ಅಲ್ಲಿ ಸರಿಯಾಗಿ ನಡೆದದ್ದನ್ನೂ ತಪ್ಪಿದ್ದನ್ನೂ, ನನ್ನ ಟಿಪ್ಪಣಿ ಪುಸ್ತಕದ ಆಧಾರದಿಂದ ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲು ಮರದ ಗುರುತು ಹೇಳಬೇಕು. ಹೆಬ್ಬಲಸು ಹಲಸಿನ ಕುಲದ್ದೇ ಆದರೂ ಹಲಸಲ್ಲ. ಸಸ್ಯಶಾಸ್ತ್ರದಲ್ಲಿ ಇದು ಆರ್ಟೋಕಾರ್ಪಸ್ ಹಿರ್ಸುಟಸ್. ಎಳೆಯ ರೆಂಬೆಯ ಮೇಲೂ ಎಲೆಯ ಅಡಿಯಲ್ಲೂ ಇರುವ ಒರಟು ರೋಮದಿಂದಾಗಿ ‘ರೋಮವುಳ್ಳದ್ದು’ ಎಂಬ ಆ ಎರಡನೆಯ ಪದ ಬಂದಿದೆ. ಹಲಸಿನ ಕಾಯಿ ಕಾಂಡಕ್ಕೂ ದಪ್ಪ ಕೊಂಬೆಗೂ ಅಂಟಿಕೊಂಡು ಬಿಟ್ಟರೆ, ಹೆಬ್ಬಲಸಿನದು ಎತ್ತರದ ರೆಂಬೆಯ ತುದಿಯಲ್ಲಿ ಬಿಡುತ್ತದೆ; ಮುಷ್ಟಿಗಿಂತ ತುಸು ದೊಡ್ಡದಾದ, ಮುಳ್ಳುಮುಳ್ಳಾದ ಆ ಹಣ್ಣನ್ನೇ ತುಳುವಿನಲ್ಲಿ ಪೆಜಕಾಯಿ ಎನ್ನುತ್ತಾರೆ. ಮಲೆನಾಡಿನ ಕಡೆ ಇದೇ ಮರ ಹೆಸ್ವ, ಕೇರಳದಲ್ಲಿ ಆಂಜಿಲಿ ಅಥವಾ ಐನಿ. ಪಶ್ಚಿಮ ಘಟ್ಟದ ಮಳೆಕಾಡು ಮತ್ತು ಅದರ ಇಳಿಜಾರಿನ ತೋಟಗಳು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇದು ತಾನಾಗಿ ಬೆಳೆಯುವುದಿಲ್ಲ. ಮರ ನೋಡಲು ಬಂದ ವ್ಯಾಪಾರಿ ‘ಐನಿ’ ಎಂದು ಹೇಳಿದಾಗ ಮಾವ ಅದನ್ನು ಬೇರೆ ಯಾವುದೋ ಕಡಿಮೆ ದರ್ಜೆಯ ಮರವೆಂದು ಭಾವಿಸಿ ಬೆಲೆಯ ಚರ್ಚೆಯಲ್ಲಿ ಹಿಂದೆ ಸರಿದಿದ್ದರು. ಒಂದೇ ಮರಕ್ಕೆ ನಾಲ್ಕು ಹೆಸರಿರುವ ಕರಾವಳಿಯಲ್ಲಿ ಮೋಪು, ಅಂದರೆ ಕಟ್ಟಡದ ಮರ, ಮಾರುವವರು ಈ ವಿಷಯವನ್ನು ಮೊದಲು ತಿಳಿದಿರಬೇಕು.

ಎದೆಯೆತ್ತರದಲ್ಲಿ ಆ ಮರದ ಸುತ್ತಳತೆ 86 ಅಂಗುಲವಿತ್ತು. ಮಾವನ ಅಭಿಪ್ರಾಯ ಸ್ಪಷ್ಟವಾಗಿತ್ತು: “ಮುಂಬಾಗಿಲು ಅಂದ್ರೆ ಸಾಗುವಾನಿಯೇ ಆಗಬೇಕು ಮಾರಾಯ, ಕಾಡುಹಲಸು ಹಟ್ಟಿಗೆ ಸಾಕು.” ಅವರ ತಮ್ಮನಿಗೆ, ಅಂದರೆ ನನ್ನ ಸಣ್ಣ ಮಾವನಿಗೆ, ಮನೆಯ ಮರ ಮನೆಯಲ್ಲೇ ಉಳಿಯಬೇಕೆಂಬ ಆಸೆ. ಈ ವಾದವನ್ನು ಬಗೆಹರಿಸಿದವರು ಮರಗೆಲಸದ ಆಚಾರ್ರು. ಮುರಿದ ಹಳೆಯ ತೊಲೆಯ ಗಟ್ಟಿ ಉಳಿದ ತುದಿಯನ್ನು ಅಂಗಳಕ್ಕೆ ತಂದು, ಹೊಗೆ ಮತ್ತು ಧೂಳಿನಿಂದ ಕಪ್ಪಾಗಿದ್ದ ಮೈಯನ್ನು ಕೀಸುಳಿಯಿಂದ ನಾಲ್ಕು ಬಾರಿ ಕೀಸಿದರು. ಒಳಗಿನಿಂದ ಹೊಂಬಣ್ಣದ, ಉದ್ದ ಎಳೆಯ ಮರ ಹೊರಬಂತು. “ಇದೂ ಹೆಬ್ಬಲಸೇ ಅಣ್ಣ. ನಿಮ್ಮ ಅಜ್ಜ ಹಾಕಿಸಿದ್ದು,” ಎಂದರು. ತೊಂಬತ್ತು ಮಳೆಗಾಲ ಮಾಡನ್ನು ಹೊತ್ತ ಮರ ಯಾವುದೆಂದು ಮನೆಯಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ. ಕೊಳೆತದ್ದು ಹೆಂಚೊಡೆದು ನೀರು ನಿಂತ ಜಾಗದಲ್ಲಿ ಮತ್ತು ಮಣ್ಣಗೋಡೆಯೊಳಗೆ ಗಾಳಿಯಾಡದೆ ಉಳಿದ ತುದಿಯಲ್ಲಿ ಮಾತ್ರ.

ಹಂಚಿನ ಮಾಡಿನ ಹೊರೆ ಸಣ್ಣದಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯ ಮುಳಿಹುಲ್ಲಿನ ಮಾಡುಗಳು ಕ್ರಮೇಣ ಹಂಚಿನ ಮಾಡುಗಳಾದವು. ಹತ್ತಡಿ ಉದ್ದ ಹತ್ತಡಿ ಅಗಲದ ಜಾಗಕ್ಕೆ ಸುಮಾರು 150 ಹಂಚು ಬೇಕು. ಒಂದೊಂದು ಎರಡರಿಂದ ಮೂರು ಕಿಲೋ ತೂಗುತ್ತದೆ, ಮಳೆಯಲ್ಲಿ ನೆನೆದರೆ ಇನ್ನಷ್ಟು. ಹುಲ್ಲಿನ ಮಾಡಿಗೆ ಸಾಕಾಗುತ್ತಿದ್ದ ಬಿದಿರು, ಅಡಕೆ ಸಲಕೆಗಳು ಇದಕ್ಕೆ ಸಾಲವು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಊರಿನಲ್ಲಿ, ಈ ಹೊರೆಯನ್ನು ಬಾಗದೆ ಹೊರುವ, ಗೆದ್ದಲಿಗೆ ಸುಲಭವಾಗಿ ಬಲಿಯಾಗದ, ಹನ್ನೆರಡು ಹದಿನೈದು ಅಡಿ ಉದ್ದ ಗಂಟಿಲ್ಲದೆ ಸಿಗುವ, ಆದರೆ ಹೊತ್ತು ಮಾಡಿಗೇರಿಸಲಾಗದಷ್ಟು ಭಾರವೂ ಅಲ್ಲದ ಮರ ಬೇಕಾಯಿತು. ಒಣಗಿದ ಹೆಬ್ಬಲಸು ಘನ ಮೀಟರಿಗೆ ಸುಮಾರು 600 ಕಿಲೋ, ಅಂದರೆ ಘನ ಅಡಿಗೆ 17 ಕಿಲೋ ತೂಗುತ್ತದೆ. ಸಾಗುವಾನಿಗಿಂತ ತುಸು ಹಗುರ. ಹಿಂದಿನವರು ಇದನ್ನು ಆರಿಸಿದ್ದಕ್ಕೆ ಕಾರಣ ಸಾಗುವಾನಿ ಸಿಗದ ಕೊರತೆಯೊಂದೇ ಅಲ್ಲವೆಂದು ನನ್ನ ತೀರ್ಮಾನ.

ಅನುಮತಿ ಮತ್ತು ಅಳತೆ

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ಸ್ವಂತ ಜಾಗದ ಮರವಾದರೂ ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟು ಉಳಿದವನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ನಮಗೆ ತೊಡಕಾದದ್ದು ಅದಕ್ಕಿಂತ ಮೊದಲಿನ ಪ್ರಶ್ನೆ: ಮರ ನಿಂತಿರುವುದು ವರ್ಗ (ಸ್ವಂತ ಪಟ್ಟೆಯ) ಜಾಗದಲ್ಲೋ ಕುಮ್ಕಿಯಲ್ಲೋ? ವರ್ಗ ಜಾಗದಿಂದ 100 ಗಜದೊಳಗಿನ ಸರಕಾರಿ ಭೂಮಿಯ ಸೊಪ್ಪು, ತರಗೆಲೆಗಳ ಮೇಲೆ ವರ್ಗದಾರನಿಗಿರುವ ಸವಲತ್ತೇ ಕುಮ್ಕಿ. ಅಲ್ಲಿನ ಮರದ ಒಡೆತನ ಸರಕಾರದ್ದು. ಮೂರು ತಲೆಮಾರು ಮನೆಯವರೇ ಪೆಜಕಾಯಿ ಹೆಕ್ಕಿದ್ದರೆಂಬುದು ದಾಖಲೆಯಾಗುವುದಿಲ್ಲ. ಅಳತೆಯಾದಾಗ ಗಡಿ ಮರದಿಂದ ಏಳು ಅಡಿ ಆಚೆಗೆ ಬಂತು, ಮರ ವರ್ಗದೊಳಗೆ ಉಳಿಯಿತು. ಇದಕ್ಕೆ ಎರಡು ತಿಂಗಳು ಹಿಡಿದದ್ದರಿಂದ ಮರ ಬಿದ್ದದ್ದು ನವೆಂಬರಿನ ಮೊದಲ ವಾರದಲ್ಲಿ. ಈ ವಿಳಂಬ ನಮಗೆ ಒಳ್ಳೆಯದೇ ಮಾಡಿತು, ಏಕೆಂದರೆ ಮುಂದಿನ ಆರು ತಿಂಗಳು ಒಣಹವೆ. ಕೃಷ್ಣಪಕ್ಷದಲ್ಲಿ ಕಡಿದರೆ ಹುಳ ಹಿಡಿಯುವುದಿಲ್ಲವೆಂಬ ನಂಬಿಕೆಯನ್ನು ಮನೆಯವರು ಪಾಲಿಸಿದರು; ನಾನು ಎದುರಾಡಲಿಲ್ಲ, ಆದರೆ ಹುಳದ ವಿಷಯದಲ್ಲಿ ಅದರ ಮೇಲೆ ಭರವಸೆ ಇಡಬಾರದಿತ್ತು ಎಂಬುದು ಮುಂದೆ ತಿಳಿಯುತ್ತದೆ.

ಬುಡದ ಎರಡಡಿ ಟೊಳ್ಳಾಗಿದ್ದುದನ್ನು ಕತ್ತರಿಸಿ ತೆಗೆದ ಮೇಲೆ ಮೂರು ದಿಮ್ಮಿಗಳಾದವು. ಬುಡದ ದಿಮ್ಮಿ 16 ಅಡಿ ಉದ್ದ, ನಡುವಿನ ಸುತ್ತಳತೆ 80 ಅಂಗುಲ. ಎರಡನೆಯದು 12 ಅಡಿ, 64 ಅಂಗುಲ. ತುದಿಯದು 10 ಅಡಿ, 48 ಅಂಗುಲ. ನಮ್ಮಲ್ಲಿ ಮೋಪಿನ ವ್ಯಾಪಾರದಲ್ಲಿ ಸುತ್ತಳತೆಯ ಕಾಲುಭಾಗವನ್ನು ವರ್ಗಿಸಿ ಉದ್ದದಿಂದ ಗುಣಿಸುವ ಲೆಕ್ಕ ನಡೆಯುತ್ತದೆ. ಆ ಪ್ರಕಾರ ಬುಡದ ದಿಮ್ಮಿಯಲ್ಲಿ ಇಪ್ಪತ್ತರ ವರ್ಗ ನಾನೂರನ್ನು 144ರಿಂದ ಭಾಗಿಸಿ ಹದಿನಾರರಿಂದ ಗುಣಿಸಿದರೆ 44 ಘನ ಅಡಿ, ಉಳಿದೆರಡು 21 ಮತ್ತು 10, ಒಟ್ಟು 75. ದುಂಡು ದಿಮ್ಮಿಯ ನಿಜವಾದ ಘನ ಅಳತೆ ಇದಕ್ಕಿಂತ ಹೆಚ್ಚು; ಈ ಲೆಕ್ಕದಲ್ಲಿ ನೂರಕ್ಕೆ ಸುಮಾರು 78 ಭಾಗ ಮಾತ್ರ ಬರುತ್ತದೆ, ಉಳಿದದ್ದು ಸಿಪ್ಪೆ ಮತ್ತು ಮೈಹಲಗೆಯ ಬಾಬತ್ತೆಂದು ಕೊಳ್ಳುವವನ ಪಾಲಿಗೆ ಹೋಗುತ್ತದೆ. ಇದು ಮೋಸವಲ್ಲ, ರೂಢಿ. ಆದರೆ ಮಾರುವವರಿಗೆ ಇದು ಗೊತ್ತಿರಬೇಕು. ವ್ಯಾಪಾರಿ ಹೇಳಿದ ಒಟ್ಟು ಮೊತ್ತಕ್ಕೆ ಹೊರದೇಶದ ಸಾಗುವಾನಿ ಹದಿನೈದು ಘನ ಅಡಿಯೂ ಬರುತ್ತಿರಲಿಲ್ಲ. ನಮಗೆ ಬೇಕಾದದ್ದು ಪಕ್ಕಾಸು, ರೀಪು (ಪಕ್ಕಾಸಿನ ಮೇಲೆ ಹಂಚು ಕೂರುವ ಅಡ್ಡಪಟ್ಟಿ), ತೊಲೆ, ಎರಡು ಕಂಬ, ದಾರಂದ, ಬಾಗಿಲು ಎಲ್ಲ ಸೇರಿ ಸುಮಾರು 28 ಘನ ಅಡಿ. ಮಿಲ್ಲಿನಲ್ಲಿ ಕೊಯ್ದು ಬಂದದ್ದು 46. ಮಾವ ಒಪ್ಪಿದರು.

ಯಾವ ದಿಮ್ಮಿಯಿಂದ ಏನು

ಕೊಯ್ಯಿಸುವ ಮೊದಲ ದಿನ ಆಚಾರ್ರು ದಿಮ್ಮಿಗಳ ಅಡ್ಡಮೈಯ ಮೇಲೆ ಸುಣ್ಣದಿಂದ ಗೆರೆ ಎಳೆದರು. ಹೆಬ್ಬಲಸಿನ ಅಡ್ಡಮೈಯಲ್ಲಿ ಮೂರು ಭಾಗ ಕಣ್ಣಿಗೆ ಕಾಣುತ್ತದೆ: ಹೊರಗೆ ಒಂದೆರಡು ಅಂಗುಲ ದಪ್ಪದ ಬಿಳಿ ಮರ, ಒಳಗೆ ಹೊಂಬಣ್ಣದ ಚೇಗು, ನಟ್ಟನಡುವೆ ಬೆರಳಗಲದ ಮೆದು ದಿಂಡು. ಹುಳ ಮತ್ತು ಕೊಳೆತವನ್ನು ತಡೆಯುವ ಶಕ್ತಿ ಚೇಗಿನಲ್ಲಿ ಮಾತ್ರ ಇದೆ. ಬಿಳಿ ಮರವು ಮರ ಬದುಕಿದ್ದಾಗ ನೀರು ಸಾಗಿಸುವ, ಪಿಷ್ಟ ಕೂಡಿಡುವ ಭಾಗ. ಆ ಪಿಷ್ಟವೇ ಕುಟ್ಟೆ ಹುಳುವಿಗೆ ಆಹಾರ. ಅತಿ ದೀರ್ಘ ಬಾಳಿಕೆಯ ಮರವೆಂದು ಹೆಸರಾದ ಯಾವುದೇ ಜಾತಿಯ ಬಿಳಿ ಭಾಗವೂ ಬಾಳುವುದಿಲ್ಲ, ಸಾಗುವಾನಿಯದೂ ಇಲ್ಲ. ಬುಡದ ದಿಮ್ಮಿಯಿಂದ ಏಳಂಗುಲ ಚಚ್ಚೌಕದ ಎರಡು ಕಂಬ, ದಾರಂದದ ತುಂಡು, ಬಾಗಿಲಿನ ಹಲಗೆ. ಎರಡನೆಯದರಿಂದ ನಾಲ್ಕಂಗುಲ ಎರಡಂಗುಲದ, ಹನ್ನೊಂದಡಿ ಉದ್ದದ 13 ಪಕ್ಕಾಸು. ಬಿಳಿ ಭಾಗವೇ ಹೆಚ್ಚಾಗಿದ್ದ ತುದಿಯ ದಿಮ್ಮಿಯಿಂದ ರೀಪು ಎಂದು ತೀರ್ಮಾನವಾಯಿತು.

ಕೊಯ್ದ ಮೋಪನ್ನು ಹಟ್ಟಿಯ ಪಕ್ಕದ ಚಪ್ಪರದಲ್ಲಿ, ಕೆಳಗೆ ಕಲ್ಲಿಟ್ಟು, ಸಾಲುಸಾಲಿನ ನಡುವೆ ರೀಪಿನ ತುಂಡು ಕೊಟ್ಟು ಅಟ್ಟಿ ಹಾಕಿದೆವು. ಪಕ್ಕಾಸಿನಿಂದ ಎರಡಡಿ ಉದ್ದದ ತುಂಡೊಂದನ್ನು ಕತ್ತರಿಸಿ, ಅಟ್ಟಿಯ ನಡುವೆ ಇಟ್ಟು, ಅಂಗಡಿಯ ತಕ್ಕಡಿಯಲ್ಲಿ ಆಗಾಗ ತೂಗಿಸುತ್ತಿದ್ದೆ. ನವೆಂಬರ್ ಕೊನೆಯಲ್ಲಿ 2.9 ಕಿಲೋ, ಮಾರ್ಚಿನಲ್ಲಿ 2.35, ಮೇ ಕೊನೆಗೆ 2.0, ಮಳೆಗಾಲದುದ್ದಕ್ಕೂ ಅಷ್ಟೇ, ಮುಂದಿನ ಫೆಬ್ರವರಿಯಲ್ಲಿ 1.9. ಅಲ್ಲಿಂದ ಮುಂದೆ ಋತುಮಾನಕ್ಕೆ ತಕ್ಕಂತೆ ಐವತ್ತು ಅರವತ್ತು ಗ್ರಾಂ ಏರಿ ಇಳಿಯಿತೇ ವಿನಾ ತೂಕ ನೆಲೆ ನಿಂತಿತು. ತೇವ ಅಳೆಯುವ ಉಪಕರಣ ಇಲ್ಲದ ಮನೆಯಲ್ಲಿ ಇದಕ್ಕಿಂತ ನಂಬಲರ್ಹವಾದ ಪರೀಕ್ಷೆಯಿಲ್ಲ: ತೂಕ ಇಳಿಯುತ್ತಿರುವವರೆಗೆ ಮರ ಒಣಗುತ್ತಿದೆ, ತೂಕ ನಿಂತಾಗ ಮರ ಊರಿನ ಹವೆಗೆ ಹೊಂದಿಕೊಂಡಿದೆ.

ದಾರಂದ ಸೀಳಿದ್ದು

ಮನೆಯ ಮಗಳ ಮದುವೆ 2019ರ ಮೇ ತಿಂಗಳಿಗೆ ನಿಶ್ಚಯವಾಗಿತ್ತು. ಗೆದ್ದಲು ತಿಂದ ಬಾಗಿಲಿನ ಮುಂದೆ ಚಪ್ಪರ ಹಾಕುವುದು ಮಾವನಿಗೆ ಒಪ್ಪಿಗೆಯಾಗಲಿಲ್ಲ. ಆಚಾರ್ರು, “ಮಾಡು ಈಗ ಮಾಡುವ, ದಾರಂದ ಮಾತ್ರ ಒಂದು ಮಳೆ ಕಳಿಯಲಿ ಅಣ್ಣ,” ಎಂದು ಎರಡು ಬಾರಿ ಹೇಳಿದ್ದನ್ನು ನಾನು ಕೇಳಿದ್ದೇನೆ. ನಾನು ಅವರ ಪರವಾಗಿ ಮಾತನಾಡಬೇಕಿತ್ತು, ಮಾತನಾಡಲಿಲ್ಲ. ಮದುವೆ ಮನೆಯ ಆತುರದ ಮುಂದೆ ಮರದ ಮಾತು ಸಣ್ಣದೆನಿಸಿತು. ಮಾರ್ಚಿನಲ್ಲಿ ಆರಂಗುಲ ನಾಲ್ಕಂಗುಲದ ತುಂಡುಗಳಿಂದ ದಾರಂದ ಕಟ್ಟಿ, ಗೋಡೆಗೆ ಕೂರಿಸಿ, ಗಾರೆ ತುಂಬಲಾಯಿತು. ಎರಡಂಗುಲ ದಪ್ಪದ ತುಂಡೇ ಆಗಿನ್ನೂ ಅರ್ಧದಷ್ಟು ಮಾತ್ರ ಒಣಗಿತ್ತೆಂದರೆ ನಾಲ್ಕಂಗುಲದ್ದು ಒಳಗೆ ಹಸಿಯಾಗಿಯೇ ಇತ್ತು. ಇದರ ಮೇಲೆ ಇನ್ನೊಂದು ತಪ್ಪು: ಬಲಗಂಬಕ್ಕೆ ಬಳಸಿದ ತುಂಡಿನಲ್ಲಿ ನಡುದಿಂಡು ಹಾಗೆಯೇ ಉಳಿದಿತ್ತು.

ಮದುವೆಯ ದಿನ ಬಾಗಿಲು ಚೆಂದವಿತ್ತು. ಜೂನಿನಲ್ಲಿ ಕದ ಸಿಕ್ಕಿಹಾಕಿಕೊಳ್ಳತೊಡಗಿತು, ಬಲಗಂಬದ ಮೇಲ್ತುದಿ ಒಳಕ್ಕೆ ತಿರುಚಿತ್ತು. 2020ರ ಜನವರಿಯ ಒಣಗಾಳಿಗೆ ಅದೇ ಕಂಬದ ಮುಂಮೈಯಲ್ಲಿ, ಹೊಸಿಲಿನಿಂದ ನಾಲ್ಕಡಿ ಮೇಲಿನವರೆಗೆ, ಒಂದು ರೂಪಾಯಿಯ ನಾಣ್ಯ ತೂರುವಷ್ಟು ಸೀಳು ಬಿಟ್ಟಿತು. ಆರಂಗುಲ ಅಗಲದಲ್ಲಿ ಸುಮಾರು 5 ಮಿ.ಮೀ. ಕುಗ್ಗಿ, ಗೋಡೆಗೂ ದಾರಂದಕ್ಕೂ ನಡುವೆ ಸಂದು ಬಿದ್ದು, ಗೆದ್ದಲಿಗೆ ಮತ್ತೆ ದಾರಿಯಾಯಿತು.

ಇದರ ಕಾರಣ ಮರದ ಗುಣದೋಷವಲ್ಲ, ನೀರು. ಹಸಿ ಮರದೊಳಗೆ ನೀರು ಎರಡು ಕಡೆ ಇರುತ್ತದೆ: ಜೀವಕೋಶಗಳ ಟೊಳ್ಳಿನಲ್ಲಿ ಮತ್ತು ಅವುಗಳ ಗೋಡೆಗಳಲ್ಲಿ. ಟೊಳ್ಳಿನ ನೀರು ಹೋಗುವಾಗ ಮರ ಹಗುರವಾಗುತ್ತದೆ, ಕುಗ್ಗುವುದಿಲ್ಲ. ಒಣ ಮರದ ತೂಕಕ್ಕೆ ಹೋಲಿಸಿ ತೇವ ಸುಮಾರು ನೂರಕ್ಕೆ 30ಕ್ಕಿಂತ ಕೆಳಗಿಳಿದು ಗೋಡೆಗಳ ನೀರು ಹೊರಡಲು ಆರಂಭವಾದಾಗಲೇ ಕುಗ್ಗುವಿಕೆ ಶುರು. ಆಗಲೂ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ಉದ್ದಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ನಡುವಿನಿಂದ ಹೊರಕ್ಕೆ ಸ್ವಲ್ಪ, ಉಂಗುರಗಳ ಸುತ್ತಿನ ದಿಕ್ಕಿಗೆ ಅದರ ಸುಮಾರು ಎರಡರಷ್ಟು. ನಡುದಿಂಡನ್ನು ಒಳಗಿಟ್ಟುಕೊಂಡ ಚೌಕದ ತುಂಡಿನಲ್ಲಿ ಸುತ್ತು ಕುಗ್ಗಲು ನೋಡುತ್ತದೆ, ನಡು ಬಿಡುವುದಿಲ್ಲ. ಕೊನೆಗೆ ಹೊರಮೈಯಿಂದ ನಡುವಿನವರೆಗೆ ಸೀಳಲೇಬೇಕು. ಹಾಗೆಯೇ ನಮ್ಮ ಹವೆಯಲ್ಲಿ ಮಳೆಗಾಲದ ಗಾಳಿಯ ಆರ್ದ್ರತೆ ನೂರಕ್ಕೆ 85 ಇದ್ದಾಗ ಮರ ನೂರಕ್ಕೆ 18ರ ಆಸುಪಾಸಿನ ತೇವದಲ್ಲಿ ನೆಲೆಸುತ್ತದೆ, ಆರ್ದ್ರತೆ 65ಕ್ಕಿಳಿದರೆ 12ರ ಹತ್ತಿರಕ್ಕೆ ಬರುತ್ತದೆ. ಎಷ್ಟೇ ಒಣಗಿಸಿದರೂ ಕರಾವಳಿಯ ಬಾಗಿಲು ಈ ಏರಿಳಿತವನ್ನು ಪ್ರತಿವರ್ಷ ಅನುಭವಿಸಲೇಬೇಕು. ಹಸಿ ಮರಕ್ಕೆ ಇದರ ಜೊತೆಗೆ ಮೊದಲ ಕುಗ್ಗುವಿಕೆಯ ಪೂರ್ತಿ ಭಾರವೂ ಬೀಳುತ್ತದೆ.

ಹಾಗಾದರೆ ಅದೇ ಮಾರ್ಚಿನಲ್ಲಿ ಅದೇ ಹಸಿ ಮೋಪಿನಿಂದ ಹಾಕಿದ ಪಕ್ಕಾಸುಗಳು ಏಕೆ ಕೆಡಲಿಲ್ಲ? ಅವು ಎರಡಂಗುಲ ದಪ್ಪ, ನಡುದಿಂಡಿಲ್ಲದವು; ಹಂಚಿನ ಸಂದಿಯಿಂದ ಗಾಳಿ ಸದಾ ಹರಿಯುವ ಮಾಡಿನಲ್ಲಿ ನಿಧಾನವಾಗಿ ಒಣಗಿದವು; ಒಂದೆರಡು ಮಿಲಿಮೀಟರ್ ಕುಗ್ಗಿದರೂ ಮೇಲಿನ ರೀಪಿಗೆ, ಹಂಚಿಗೆ ಅದರಿಂದ ತೊಂದರೆಯಿಲ್ಲ. ಮಲ್ಪೆಯಲ್ಲಿ ಹಿಂದೆ ಮರದ ದೋಣಿ ಕಟ್ಟುತ್ತಿದ್ದವರು ಹೆಬ್ಬಲಸಿನ ಹಲಗೆಯನ್ನು ಪೂರ್ತಿ ಒಣಗಿಸದೆ ಬಳಸುತ್ತಿದ್ದರೆಂದು ಆಚಾರ್ರು ಹೇಳಿದ್ದು ಇಲ್ಲಿ ನೆನಪಾಗುತ್ತದೆ. ದೋಣಿಯ ಹಲಗೆ ನೀರಿನಲ್ಲಿ ಉಬ್ಬಿ ಒಂದಕ್ಕೊಂದು ಒತ್ತಿಕೊಂಡಾಗಲೇ ಸಂದು ಮುಚ್ಚುತ್ತದೆ. ತೀರ ಒಣಗಿದ ಹಲಗೆ ಅತಿಯಾಗಿ ಉಬ್ಬಿ ಜೋಡಣೆಯನ್ನೇ ಕಿತ್ತುಬಿಡಬಹುದು. ಕೇರಳದ ಚುಂಡನ್ ವಳ್ಳಗಳು (ಹಾವುದೋಣಿಗಳು) ಇದೇ ಆಂಜಿಲಿಯವು. ದೋಣಿಗೆ ಗುಣವಾದ ತೇವ ಬಾಗಿಲಿಗೆ ದೋಷವಾಯಿತು.

ರೀಪಿನ ಹುಳ

ಎರಡನೆಯ ತೊಂದರೆ ಸದ್ದಿಲ್ಲದೆ ಬಂತು. 2019ರ ನವೆಂಬರಿನಲ್ಲಿ ಅತ್ತೆ ಚಾವಡಿ ಗುಡಿಸುವಾಗ ಪ್ರತಿದಿನ ಅದೇ ಜಾಗದಲ್ಲಿ ಅಕ್ಕಿಹಿಟ್ಟಿನಂತಹ ನಯವಾದ ಪುಡಿ ಸಿಗುತ್ತಿದೆ ಎಂದರು. ಒಂಬತ್ತು ರೀಪುಗಳಲ್ಲಿ ಸೂಜಿತೂತುಗಳಿದ್ದವು, ಎಲ್ಲವೂ ಬಿಳಿ ಅಂಚಿನಲ್ಲೇ. ಚೇಗಿಗೆ ಒಂದು ತೂತೂ ದಾಟಿರಲಿಲ್ಲ. ರೀಪಿಗೆ ಗೇರೆಣ್ಣೆ ಬಳಿದಿದ್ದೆವು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಎಣ್ಣೆ ಗೆದ್ದಲಿಗೆ ಒಳ್ಳೆಯ ತಡೆ, ಆದರೆ ಒಂದು ಕೈ ಬಳಿದದ್ದು ಮೇಲ್ಮೈಯಲ್ಲೇ ಉಳಿಯುತ್ತದೆ, ಒಳಗಿರುವ ಮೊಟ್ಟೆಗೂ ಮರಿಗೂ ಮುಟ್ಟುವುದಿಲ್ಲ. ಮೋಪು ಹಸಿಯಾಗಿದ್ದಾಗಲೇ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿಟ್ಟಿದ್ದರೆ, ಮರದೊಳಗಿನ ನೀರಿನ ಮೂಲಕವೇ ಔಷಧ ಒಳಗಿಳಿಯುತ್ತಿತ್ತು. ಹಸಿತನ ಉಪಕಾರಕ್ಕೆ ಬರುವ ಆ ಒಂದು ಕೆಲಸದಲ್ಲಿ ನಾವು ಅದನ್ನು ಬಳಸಿಕೊಳ್ಳಲಿಲ್ಲ. ಆಚಾರ್ರ ತಂದೆಯ ಕಾಲದಲ್ಲಿ ಮೋಪನ್ನು ತಿಂಗಳುಗಟ್ಟಲೆ ಕೆರೆಯಲ್ಲಿ ಮುಳುಗಿಸಿಡುತ್ತಿದ್ದರಂತೆ. ಬಿಳಿ ಮರದ ಸತ್ವ ನೀರಿಗೆ ಇಳಿದು ಹೋದರೆ ಹುಳುವಿಗೆ ತಿನ್ನಲು ಉಳಿಯುವುದು ಕಡಿಮೆ. ಅಡುಗೆಮನೆಯ ಒಲೆಯ ಮೇಲಿನ ರೀಪುಗಳು ಮಾತ್ರ, ಬಿಳಿ ಭಾಗವಿದ್ದವೂ ಸೇರಿ, ತೊಂಬತ್ತು ವರ್ಷದ ಹೊಗೆ ಹಿಡಿದು ಹಾಗೆಯೇ ಇವೆ. ಒಂಬತ್ತು ರೀಪುಗಳನ್ನು ಕಿತ್ತು ಸುಟ್ಟೆವು, ಉಳಿಕೆ ಹಲಗೆಯ ಚೇಗಿನಿಂದ ಹೊಸತು ಹಾಕಿದೆವು.

ಸರಿಪಡಿಸಿದ ಬಗೆ

ದಾರಂದದ ಕೆಲಸ 2020ರ ಬೇಸಗೆಯಲ್ಲೇ ಆಗಬೇಕಿತ್ತು. ಲಾಕ್‌ಡೌನ್ ಕಾರಣ ಡಿಸೆಂಬರಿಗೆ ಹೋಯಿತು. ಅಷ್ಟರಲ್ಲಿ ಅಟ್ಟಿಯಲ್ಲಿದ್ದ ಉಳಿಕೆ ಮೋಪಿಗೆ ಎರಡು ವರ್ಷ ತುಂಬಿತ್ತು. ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬ ಹಳೆಯ ಲೆಕ್ಕದಲ್ಲಿ ನಾಲ್ಕಂಗುಲದ ತುಂಡಿಗೆ ಇದು ಸಾಲದು. ಆದ್ದರಿಂದ ಆಚಾರ್ರು ಎರಡಂಗುಲದ ಎರಡು ಹಲಗೆಗಳನ್ನು ಬೆನ್ನಿಗೆ ಬೆನ್ನು ಕೊಟ್ಟು, ಮರದ ಗೂಟ ಹೊಡೆದು, ಒಂದೇ ಕಂಬವಾಗಿ ಕೂಡಿಸಿದರು. ಇದರಿಂದ ನಡುದಿಂಡಿನ ಪ್ರಶ್ನೆಯೂ ಇಲ್ಲವಾಯಿತು. ಬುಡವನ್ನು ಮಣ್ಣಿಗಿಳಿಸದೆ ಕಗ್ಗಲ್ಲಿನ ಹೊಸಿಲ ಮೇಲೆ ನಿಲ್ಲಿಸಲಾಯಿತು, ಗೋಡೆಗೆ ತಾಗುವ ಮೈಗೆ ಮೂರು ಬಾರಿ ಗೇರೆಣ್ಣೆ ಬಿತ್ತು, ಕದದ ಸುತ್ತ ಮಳೆಗಾಲದ ಉಬ್ಬಿಗೆಂದು ಕಾಲಂಗುಲ ಸಂದು ಬಿಡಲಾಯಿತು. ಬೇಸಗೆಯಲ್ಲಿ ಆ ಸಂದಿನಿಂದ ಬೆಳಕು ಕಾಣುತ್ತದೆಂದು ಮಾವ ಮೊದಲು ಆಕ್ಷೇಪಿಸಿದರು.

ಸೀಳಿದ ದಾರಂದದ ತುಂಡುಗಳು ಹಟ್ಟಿಯ ಗೊಂತಿಗೆ ಹೋದವು. ಸಾಗುವಾನಿಯನ್ನೇ ತಂದಿದ್ದರೆ ಈ ಪೇಚು ಇಷ್ಟು ದೊಡ್ಡದಾಗುತ್ತಿರಲಿಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ಅದು ಕಡಿಮೆ ಕುಗ್ಗುವ, ಎಣ್ಣೆಯಂಶವುಳ್ಳ, ಮನುಷ್ಯನ ಅವಸರವನ್ನು ಸ್ವಲ್ಪಮಟ್ಟಿಗೆ ಸಹಿಸಿಕೊಳ್ಳುವ ಮರ. ಹೆಬ್ಬಲಸು ಸಹಿಸುವುದಿಲ್ಲ. ಆದರೆ ಒಣಗಲು ಬಿಟ್ಟ ಮೇಲೆ ಅದರ ಬಾಳಿಕೆಗೆ ಆ ಮನೆಯ ಹಳೆಯ ತೊಲೆಗಿಂತ ಬೇರೆ ಸಾಕ್ಷಿ ನನಗೆ ಬೇಕಿಲ್ಲ.

2021ರ ಆಷಾಢದಲ್ಲಿ ಹೋಗಿದ್ದಾಗ ಕದದ ಸಂದಿಗೆ ಪೋಸ್ಟ್‌ಕಾರ್ಡ್ ತೂರಿಸಿ ನೋಡಿದೆ. ಮೇಲಿನಿಂದ ಕೆಳಗಿನವರೆಗೆ ತಡೆಯಿಲ್ಲದೆ ಇಳಿಯಿತು. ಹೊಂಬಣ್ಣದ ಹಲಗೆ ಕಂದುಬಣ್ಣಕ್ಕೆ ತಿರುಗತೊಡಗಿತ್ತು. ಸಣ್ಣ ಮಾವ ನೆರೆಮನೆಯ ಮರದಿಂದ ಹೆಕ್ಕಿದ ಪೆಜಕಾಯಿ ಬೀಜಗಳನ್ನು, ಒಣಗಿದರೆ ಮೊಳೆಯುವುದಿಲ್ಲವಾದ್ದರಿಂದ, ತೊಳೆದ ದಿನವೇ ಮಣ್ಣಿಗೆ ಹಾಕಿದ್ದರು. ಹಟ್ಟಿಯಿಂದ ನಲವತ್ತಡಿ ದೂರದಲ್ಲಿ, ವರ್ಗದ ಗಡಿಯೊಳಗೆ, ಎಳೆಯ ಗಿಡಗಳಿಗೆ ಮಾತ್ರ ಇರುವ ಸೀಳೆಲೆಗಳನ್ನು ಬಿಟ್ಟುಕೊಂಡು ಐದು ಸಸಿಗಳು ನಿಂತಿದ್ದವು.